ಗಾಜಿನ ಮೇಲೆ ನನ್ನ ಮೂಗು

ವಕ್ಕಲೇರಿ ಕಡೆಯ ನಮ್ಮೂರ ಡೈರಿಯಲ್ಲಿ ಫ್ಯಾಟ್ ನೋಡಲು ಯಂತ್ರ ಬಂದ ಮೇಲೂ ಹಾಲಿನ ಕ್ಯಾನಿಗೆ ಮೊದಲು ಬಾಗುತ್ತಿದ್ದುದು ನನ್ನ ಮೂಗು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ತೊಳೆಯದ ಕ್ಯಾನು, ಕೆಚ್ಚಲು ಬಾವಿನ ಹಸು, ಎಲ್ಲ ಗೊತ್ತಾಗುತ್ತಿತ್ತು. ಕೆಟ್ಟಿದ್ದರೆ ಎಲ್ಲರೆದುರೇ ವಾಪಸ್. ನಮ್ಮ ಬೀದಿಯ ಅಜ್ಜಿಯೊಬ್ಬಳ ಹಾಲನ್ನು ಮತ್ತೆ ಮತ್ತೆ ಹಿಂದಕ್ಕೆ ಕಳಿಸಿದ್ದೆ. ಅವಳು ಅತ್ತಳು. ನಾನು ಮಾಡಿದ್ದು ಸರಿ, ಇವತ್ತಿಗೂ ಹಾಗೇ ಎನ್ನುತ್ತೇನೆ.

ಆಮೇಲೆ ಮೂಗು ಕಟ್ಟಿತು. ನೆಗಡಿ ಎಂದುಕೊಂಡೆ. ವಾಸನೆ ಪೂರ್ತಿ ಹೋದಾಗ, ನೆಂಟರ ಮದುವೆ ಎಂದು ರಜೆ ಹಾಕಿ ಕೋಲಾರದಲ್ಲಿ ಆಸ್ಪತ್ರೆ ಸೇರಿದೆ. ಮೂಗಿನೊಳಗೆ ದ್ರಾಕ್ಷಿ ಗೊಂಚಲಿನಂತೆ ಮಾಂಸ ಬೆಳೆದಿತ್ತು. ಕೊಯ್ದು ತೆಗೆದರು. ಅದರಲ್ಲೊಂದು ಚೂರನ್ನು ಸಂಶೋಧನೆಗೆ ಕೊಡಿ ಎಂದು ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದ್ದರು. ನನಗೂ ತೋರಿಸುವುದಾದರೆ ಕೊಡುತ್ತೇನೆ ಎಂದಿದ್ದೆ.

ಮತ್ತೆ ತೋರಿಸಿಕೊಳ್ಳಲು ಹೋದಾಗ ಡಾಕ್ಟರಮ್ಮ ಮೈಕ್ರೋಸ್ಕೋಪಿನ ಕೆಳಗೆ, ಮಾಂಸದ ತೆಳು ಚೂರು ಅಂಟಿಸಿದ ಎರಡು ಗಾಜು ಇಟ್ಟರು. ಒಂದರಲ್ಲಿ ಮಾಂಸದ ಅಂಚು ರಾಗಿ ಪೈರಿನ ಸಾಲಿನಂತೆ ನೆಟ್ಟಗಿತ್ತು. ನನ್ನದು ನೀರು ಕುಡಿದಂತೆ ಉಬ್ಬಿತ್ತು, ಮೈತುಂಬ ಕಂದು ಚುಕ್ಕಿಗಳಿದ್ದವು.

“ಈ ಕಂದು ಇರೋ ಕಡೆಯೆಲ್ಲ ಒಂದು ಪ್ರೋಟೀನ್ ಇದೆ ಅಂಕಲ್. ಕಾಯಿಲೆ ಮಾಂಸದಲ್ಲಿ ಜಾಸ್ತಿ, ಚೆನ್ನಾಗಿರೋದ್ರಲ್ಲಿ ಕಮ್ಮಿ. ಅದೇ ಗುರುತು.”

ಪ್ರೋಟೀನ್ ಎಂಬ ಮಾತನ್ನು ನಾನು ಹಸುವಿನ ಫೀಡ್ ಮೂಟೆಯ ಮೇಲೆ ಓದಿದ್ದೆ. ಹೆಚ್ಚಿದ್ದಷ್ಟೂ ಒಳ್ಳೆಯದು ಎಂದೇ ತಿಳಿದಿದ್ದೆ.

“ಚೆನ್ನಾಗಿರೋದು ಯಾರದು ಮೇಡಂ?”

“ಮೂಗಿನ ಮೂಳೆ ಸೊಟ್ಟ ಅಂತ ಬಂದಿದ್ದೋರದು.”

“ಆ ಮೂಗಿಟ್ಕೊಂಡು ಅವನೇನ್ ಕೆಲಸ ಮಾಡ್ತಾನಂತೆ?”

ಅವರು ನಕ್ಕುಬಿಟ್ಟರು.

“ನನಗೆ ವಾಸ್ನೆ ಬರುತ್ತಾ?”

“ಬರಬಹುದು, ಬರದೇನೂ ಇರಬಹುದು. ಇದೆಲ್ಲ ಮುಂದೆ ಬರೋ ಪೇಷಂಟ್‌ಗಳಿಗೆ ಅಂಕಲ್. ನಿಮಗಿದ್ರಿಂದ ಏನೂ ಸಿಗಲ್ಲ.”

ಬರಲಿಲ್ಲ. ಆದರೂ ಹೋಗಿ ಕ್ಯಾನಿನ ಮುಂದೆ ನಿಂತೆ. ಆ ಜಾಗ ಬಿಟ್ಟರೆ ಊರಲ್ಲಿ ನಾನು ಯಾರು? ಮೂಸಿದಂತೆ ಮಾಡಿ, ಹಾಲಿನ ಬಣ್ಣವನ್ನೂ ತಂದವರ ಮುಖವನ್ನೂ ನೋಡಿ ಹುಯ್ಯಿಸಿಕೊಂಡೆ. ಒಂದು ಬೆಳಿಗ್ಗೆ ಆ ಅಜ್ಜಿ ಕ್ಯಾನು ಮುಂದಿಟ್ಟಳು. ಬಾಗಿದೆ.

“ಸರಿ ಐತೆ, ಹುಯ್ಯಜ್ಜಿ.”

ಅವಳು ಹುಯ್ಯಲಿಲ್ಲ. ಕ್ಯಾನನ್ನು ಸಾಲಿನ ಕಡೆ ತಿರುಗಿಸಿದಳು.

“ಬನ್ರಪ್ಪೋ, ಎಲ್ಲಾ ಮೂಸ್ರಿ! ರಾತ್ರಿಯೆಲ್ಲ ಇದ್ರಾಗೆ ಗಂಜಲ ಇತ್ತು, ತೊಳೀದೇ ಹಾಲು ಕರ್ಕೊಂಡು ಬಂದಿವ್ನಿ. ಏಮಪ್ಪಾ, ಮದ್ವೆಗೋಗಿದ್ಯಾ? ಮೂಗಿಗೆ ಬಟ್ಟೆ ತುರುಕ್ಕೊಂಡು ಆಸ್ಪತ್ರೇಲಿ ಮಲಗಿದ್ದನ್ನ ನನ್ನಳಿಯ ನೋಡವ್ನೆ.”

ಮುಂದೆ ನಿಂತಿದ್ದವನು ಟವೆಲಿನಿಂದ ಮೂಗು ಮುಚ್ಚಿಕೊಂಡ. “ಥೂ! ಏನ್ಲಾ, ಹಸು ಉಚ್ಚೇನೂ ಪಾಸಾ?”

ಸಾಲಿಗೆ ಸಾಲೇ ನಕ್ಕಿತು. ಡೈರಿ ಸೆಕ್ರೆಟರಿ ಮಾತ್ರ ನಗಲಿಲ್ಲ. “ನಾಳೆಯಿಂದ ಕ್ಯಾನ್ ತೊಳಿಯೋದು ನೋಡ್ಕೊ” ಎಂದ.

ತೊಳೆಯುತ್ತೇನೆ. ಬಿಸಿನೀರು, ಸೋಡಾ, ಬ್ರಷ್ಷು. ನನ್ನಂತೆ ಉಜ್ಜುವವನು ಇನ್ನೊಬ್ಬನಿಲ್ಲ. ಆದರೆ ಉಜ್ಜುವುದನ್ನು ಎಲ್ಲಿಗೆ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಕೈಯ ಚರ್ಮ ಸುಲಿಯುವವರೆಗೂ ಉಜ್ಜಿ, ಯಾರಾದರೂ ಬಂದು ಮೂಸಿ ಹೇಳಲಿ ಎಂದು ಕ್ಯಾನು ಎತ್ತಿ ಹಿಡಿದು ನಿಲ್ಲುತ್ತೇನೆ. ಸಾಲಿನವರು ಬೇಕೆಂದೇ ನಿಧಾನವಾಗಿ ಬರುತ್ತಾರೆ.