ಅತ್ತೆ ಕುಡಿಸಿದ ಸೇನಾಪತಿ

ನನ್ನ ಅತ್ತೆಯ ಬಾಯಿಗೆ ಬಿದ್ದು ಉಳಿದವರಿಲ್ಲ. ತವರಿನ ಮನೆತನದ ಹೆಸರು ಕೌ, ಹಾಗಾಗಿ ಊರಿಗೆಲ್ಲ ಅವಳು ಕೌ ಅಜ್ಜಿ. ನಾನು ಮದುವೆಯಾಗಿ ಬಂದ ದಿನ ನನ್ನ ಹೆಸರು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಯಿನ್‌ದೀ ಎಂದರೆ ತಮ್ಮನನ್ನು ಕರೆತರುವವಳು ಎಂದರ್ಥ. ನನ್ನ ಬೆನ್ನಿಗೆ ಹುಟ್ಟಿದ್ದೆಲ್ಲ ಹೆಣ್ಣೇ. “ತಮ್ಮನ್ನ ಕರೆಯೋಕಂತೂ ಬರಲಿಲ್ಲ, ನಮ್ಮನೆ ಕೋಳೀನಾದ್ರೂ ಕರೀತೀಯೇನೇ?” ಎಂದು ದಿಬ್ಬಣದವರ ಎದುರಿಗೇ ಕೇಳಿದಳು. ಆ ಮುದುಕಿಗೆ ನಾನು ಮನಸ್ಸಿನಲ್ಲೇ ಹಾಕಿದ ಶಾಪವೆಲ್ಲ ತಟ್ಟಿದ್ದರೆ ಅವಳ ಮೂಳೆಯೂ ಸಿಗುತ್ತಿರಲಿಲ್ಲ.

ಆದರೆ ಕೆಲಸದಲ್ಲಿ ಅವಳನ್ನು ಆಡಿಕೊಳ್ಳುವ ಹಾಗಿರಲಿಲ್ಲ. ಲೀಶ್ಯೆನ್ ಬೆಟ್ಟಗಳಲ್ಲಿ ನಮ್ಮೆಲ್ಲರದೂ ರೇವಲ್ಚಿನ್ನಿ ಬೇರಿನ ಬದುಕು. ಹೊಟ್ಟೆಯಲ್ಲಿ ಕಟ್ಟಿಕೊಂಡದ್ದನ್ನೆಲ್ಲ ದಂಡೆತ್ತಿ ಹೋಗಿ ಹೊರಗಟ್ಟುವ ಬೇರು ಅದು, ಅದಕ್ಕೇ ಅದರ ಹೆಸರು ಸೇನಾಪತಿ. ಮಂಜು ಬೀಳಲು ಶುರುವಾದ ಮೇಲೆ ಅಗೆದು, ಸಿಪ್ಪೆ ಹೆರೆದು, ಹಗ್ಗಕ್ಕೆ ಪೋಣಿಸಿ ಕೊಟ್ಟಿಗೆಯ ತೊಲೆಗೆ ತೂಗುಹಾಕಿ, ಕೆಳಗೆ ಸಣ್ಣ ಬೆಂಕಿಯಿಟ್ಟು ಒಣಗಿಸುತ್ತೇವೆ. ಹಾಗೇ ಒಣಗಿಸಿದ್ದು ಹಳದಿ, ಬೇಯಿಸದ ಅದನ್ನೇ ಹಸಿ ಎನ್ನುತ್ತೇವೆ. ಅಗಿದರೆ ಮರಳಿನ ಹಾಗೆ ಕರಕರ ಎನ್ನುತ್ತದೆ. ಅದು ಖದರಿನ ಸೇನಾಪತಿ. ಅದನ್ನೇ ಮದ್ಯದಲ್ಲಿ ನೆನೆಸಿ ಮತ್ತೆ ಮತ್ತೆ ಹಬೆಯಲ್ಲಿ ಬೇಯಿಸಿದರೆ ಕಪ್ಪಾಗಿ ಸಾಧುವಾಗುತ್ತದೆ. ಮುದುಕರಿಗೆ, ನಿತ್ರಾಣದವರಿಗೆ ಕೊಡುವುದು ಆ ಕಪ್ಪನ್ನೇ.

ಆ ವರ್ಷ ಅಗೆತ ಮುಗಿಯುವ ಹೊತ್ತಿಗೆ ಮಾವ ಮಲಗಿದರು. ನನ್ನ ಗಂಡ ಬೇರಿನ ಮೂಟೆ ಹೇರಿಕೊಂಡು ಹೇಸರಗತ್ತೆಗಳ ಜೊತೆ ಕಣಿವೆಯಾಚೆ ಹೋಗಿದ್ದ. ಮಾವ ಗೌ ವಾನ್‌ಸಾಂಗ್ ಮೆತ್ತಗಿನ ಮನುಷ್ಯ, ಹೆಂಡತಿ ಬೈದರೆ ಹೂಂ ಎಂದು ಚುಟ್ಟ ಹಚ್ಚುವವರು. ಅಂಥವರು ಜ್ವರದಲ್ಲಿ ಕೂಗಾಡತೊಡಗಿದರು. ಸತ್ತು ಎಷ್ಟೋ ಕಾಲವಾದ ಹೇಸರಗತ್ತೆಯನ್ನು ಹೆಸರು ಹಿಡಿದು ಕರೆದರು, ಹೊದಿಕೆಯನ್ನು ಚಿವುಟಿ ಚಿವುಟಿ ಎಳೆದರು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಎಷ್ಟೋ ದಿನದಿಂದ ಹೊರಗಡೆ ಹೋಗಿರಲಿಲ್ಲ.

ಹೊಳೆಯಾಚೆಯ ಮೀ ವೈದ್ಯರು ಬಂದು ನಾಡಿ ಹಿಡಿದರು, ನಾಲಿಗೆ ನೋಡಿದರು. ನಾಲಿಗೆ ಸೀದ ರೊಟ್ಟಿಯಂತೆ ಕಪ್ಪಾಗಿತ್ತು.

“ಹಸಿ ಸೇನಾಪತೀನೇ ಆಗ್ಬೇಕು,” ಎಂದರು. “ಮಿಕ್ಕ ಔಷಧಿ ಎಲ್ಲ ಚೆನ್ನಾಗಿ ಕುದೀಲಿ. ಸೇನಾಪತೀನ ಕೊನೇಲಿ ಒಳಕ್ಕೆ ಬಿಡಿ. ಕುದಿ ಬಂತೋ, ಇಳಿಸಿಬಿಡಿ. ಜಾಸ್ತಿ ಕುದಿಸಿದ್ರೆ ಅವನು ನಿದ್ದೆ ಹೋಗ್ತಾನೆ.”

ಮಾವನ ತಮ್ಮ ಯೊಂಗ್‌ಫಾ ಅಲ್ಲೇ ನಿಂತಿದ್ದ. ಮನೆತನದ ಮಾತೆಲ್ಲ ತನ್ನ ಬಾಯಿಂದಲೇ ಬರಬೇಕು ಅನ್ನುವ ಗಿರಾಕಿ. “ಇಷ್ಟು ವಯಸ್ಸಾದ ಜೀವಕ್ಕೆ ಭೇದಿ ಮಾಡ್ಸೋದಾ? ನಾನು ಜಿನ್ಸೆಂಗ್ ತರಿಸ್ತೀನಿ. ಶಕ್ತಿ ಬರ್ಲಿ ಮೊದ್ಲು.”

“ಒಳಗೆ ಕಳ್ಳ ಇರುವಾಗ ಬಾಗಿಲಿಗೆ ಚಿಲಕ ಹಾಕ್ತೀಯೇನಯ್ಯಾ?” ವೈದ್ಯರಿಗೆ ಸಿಟ್ಟು ಬಂತು. “ನಾಳೆ ಹೊತ್ತು ಮುಳುಗೋದ್ರೊಳಗೆ ಹೊಟ್ಟೆ ಬಿಡ್ಬೇಕು. ಇಲ್ದಿದ್ರೆ ನನ್ನ ಮತ್ತೆ ಕರೀಬೇಡಿ, ಹೆಣ ತೊಳೆಯೋರ್ನ ಕರೀರಿ,” ಎಂದು ಕತ್ತೆ ಹತ್ತಿ ಹೊರಟೇಹೋದರು.

ಅತ್ತೆ ಅಂದು ನನ್ನನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ. ತಾನೇ ಕಾಸಿದಳು, ತಾನೇ ಸೋಸಿದಳು, ತಾನೇ ಕುಡಿಸಿದಳು. ಕಾದೆವು. ಏನೂ ಆಗಲಿಲ್ಲ. ಬೆಳಿಗ್ಗೆ ಇನ್ನೊಂದು ಬಟ್ಟಲು ಕುಡಿಸಿದಳು. ಅದಕ್ಕೂ ಇಲ್ಲ. ಮಾವನ ಕೂಗಾಟ ನಿಂತು ಬರೀ ಗೊರಗೊರ ಉಳಿಯಿತು. ಆ ಸದ್ದಿಗಿಂತ ಕೂಗಾಟವೇ ಎಷ್ಟೋ ವಾಸಿಯಾಗಿತ್ತು.

“ನೋಡಿದ್ಯಾ ಅತ್ತಿಗೆ, ಸೇನಾಪತೀನೇ ಬಾಲ ಮುದುರ್ಕೊಂಡು ಓಡಿಹೋದ,” ಎಂದ ಯೊಂಗ್‌ಫಾ. ಪೆಟ್ಟಿಗೆ ತೆಗೆದು ಸಾವಿನ ಬಟ್ಟೆ ಹೊರಗಿಟ್ಟ. ನಮ್ಮಲ್ಲಿ ಉಸಿರು ಇರುವಾಗಲೇ ಅದನ್ನು ತೊಡಿಸಬೇಕು, ಇಲ್ಲದಿದ್ದರೆ ಆ ಲೋಕಕ್ಕೆ ಬರಿಮೈಯಲ್ಲಿ ಹೋಗಬೇಕಾಗುತ್ತದೆ. ಸುದ್ದಿ ತಿಳಿದು ನೆರೆಯವರು ಒಬ್ಬೊಬ್ಬರೇ ಬಂದು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತರು. ಅತ್ತೆ ಆ ಹೊಸ ಅಂಗಿಯ ತೋಳು ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಬೈಗುಳವಿಲ್ಲದ ಅತ್ತೆಯನ್ನು ನಾನು ನೋಡಿದ್ದು ಅದೇ ಮೊದಲು.

“ಚರಟ ಚೆಲ್ಲಿ ಬಾ ಹೋಗು,” ಎಂದಳು ನನ್ನ ಕಡೆ ನೋಡದೆ.

ಕಷಾಯದ ಚರಟವನ್ನು ನಾವು ದಾರಿಗೆ ಚೆಲ್ಲುತ್ತೇವೆ. ಹೋಗಿ ಬರುವವರು ತುಳಿದು ಕಾಯಿಲೆಯನ್ನು ಅಂಗಾಲಿಗೆ ಅಂಟಿಸಿಕೊಂಡು ದೂರ ಒಯ್ಯಲಿ ಎಂದು. ಮಡಕೆ ಬೋರಲು ಹಾಕಿದೆ. ಬಿದ್ದ ಚರಟದಲ್ಲಿ ಹಳದಿಯೇ ಇಲ್ಲ! ಹೋಳುಗಳೆಲ್ಲ ಕಪ್ಪು. ಕೆಸರಿನಿಂದಲೇ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಕರಕರ ಸಿಗಲಿಲ್ಲ, ಮದ್ಯದ ವಾಸನೆ ಮೂಗಿಗೆ ಬಂತು. ಅಯ್ಯೋ ದೇವರೇ, ವೈದ್ಯರು ಹೇಳಿದ್ದೇನು, ಈ ಮುದುಕಿ ಮಾಡಿದ್ದೇನು?

ಅತ್ತೆಯನ್ನು ಬೇರು ಒಣಗಿಸುವ ಕೊಟ್ಟಿಗೆಗೆ ಎಳೆದುಕೊಂಡೇ ಹೋದೆ.

“ಕರೀದು ಹಾಕಿದೀರ,” ಎಂದೆ. “ಎರಡು ಸಲಾನೂ ಕರೀದೇ.”

ಅವಳು ಇಲ್ಲ ಎನ್ನಲಿಲ್ಲ. “ಹಳದೀದು ಹಾಕೋಕೆ ಕೈ ಬರ್ಲಿಲ್ಲ ಕಣೇ. ಜಿನ್ಸೆಂಗ್ ಕೊಂದ್ರೂ ಅದಕ್ಕೆ ಅಪವಾದ ಇಲ್ಲ, ಸೇನಾಪತಿ ಉಳಿಸಿದ್ರೂ ಅವನಿಗೆ ಹೆಸರಿಲ್ಲ. ನಮ್ಮಕ್ಕ ಅವರ ಮಾವಂಗೆ ಹಸೀದು ಕೊಟ್ಳು. ಅದೂ ವೈದ್ಯ ಹೇಳಿದ್ದೇ. ಮುದುಕ ಹೋಗ್ಬಿಟ್ಟ. ಮಾವನ್ನ ಕೊಂದೋಳು ಅಂತ ತಲೆಗೂದ್ಲು ಕತ್ತರಿಸಿ ಊರಿಂದ ಓಡಿಸಿದ್ರು. ಅವಳು ಬದುಕಿದಾಳೋ ಸತ್ತಳೋ ಇವತ್ತಿಗೂ ನಂಗೊತ್ತಿಲ್ಲ. ಕರೀದೂ ಸೇನಾಪತೀನೇ ತಾನೇ, ನಿಧಾನಕ್ಕೆ ಕೆಲ್ಸ ಮಾಡತ್ತೆ ಅಂದ್ಕೊಂಡೆ.”

“ನಿಧಾನಕ್ಕೆ ಹೊತ್ತೆಲ್ಲಿದೆ? ನಿಮ್ಮ ಹೆಸ್ರು ಉಳೀಲಿ, ಗಂಡ ಹೋಗ್ಲಿ, ಅಷ್ಟೇ ತಾನೆ?”

ನಾನು ಅವಳಿಗೆ ಎದುರು ಮಾತಾಡಿದ್ದು ಅದೇ ಮೊದಲು. ಹೊಡೆದೇಬಿಡುತ್ತಾಳೆ ಎಂದುಕೊಂಡೆ. ಅವಳು ಬೇರಿನ ರಾಶಿಯ ಮೇಲೆ ಕುಸಿದು ಕೂತಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಆ ಕಾಲ ನನಗೆ ಬೇಡವಾಗಿತ್ತು. ಆದರೆ ಮಾವನ ಗೊರಗೊರ ಅಲ್ಲಿಗೂ ಕೇಳುತ್ತಿತ್ತು. ತೊಲೆಯ ಹಗ್ಗದಿಂದ ಒಳ್ಳೆಯ ಹಳದಿ ಬೇರೊಂದನ್ನು ಕಿತ್ತು, ಹೆಚ್ಚಿಕೊಂಡು ಒಲೆಯ ಮುಂದೆ ಕೂತೆ.

ಮಿಕ್ಕ ಔಷಧಿ ಕುದಿಯುವಷ್ಟೂ ಹೊತ್ತು ಬಿಸಿಲು ಅಂಗಳದ ಗೋಡೆಯ ಮೇಲೆ ಏರುತ್ತಲೇ ಇತ್ತು. ಹೊತ್ತು ಇಳಿದ ಹಾಗೆ ಬಿಸಿಲು ಆ ಗೋಡೆಯ ತುದಿಗೆ ಏರುತ್ತದೆ. ತುದಿ ಬಿಟ್ಟರೆ ಕತ್ತಲೆ. ಕೊನೆಗೆ ಸೇನಾಪತಿಯನ್ನು ಬಿಟ್ಟೆ. ಕುದಿ ಬಂತು, ಇಳಿಸಿದೆ, ಸೋಸಿದೆ. ಬಟ್ಟಲು ಹಿಡಿದು ಅಂಗಳ ದಾಟುವಾಗ ಯೊಂಗ್‌ಫಾ ಅಡ್ಡ ನಿಂತ.

“ಏನದು? ಮತ್ತೆ ಅದೇ ವಿಷಾನಾ? ಯಾರು ಕಾಸಿದ್ದು? ನೀನಾ?”

ಅಂಗಳದ ಕಣ್ಣುಗಳೆಲ್ಲ ನನ್ನ ಮೇಲೆ ಬಿದ್ದವು. ಹೂಂ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಅತ್ತೆ ಬಂದು ಬಟ್ಟಲು ಕಿತ್ತುಕೊಂಡಳು. ಇನ್ನೊಂದು ಕೈಯಿಂದ ನನ್ನ ಕೆನ್ನೆಗೆ ಫಟಾರನೆ ಬಿಟ್ಟಳು.

“ನಾನು ಕಾಸಿದ್ದನ್ನ ಚೆಲ್ಲೋಕೆ ಹೊರಟ್ಯೇನೇ, ಮುಂಡೆ?” ಎಂದು ಊರಿಗೇ ಕೇಳುವ ಹಾಗೆ ಕಿರುಚಿದಳು. “ಎಲ್ರೂ ಕೇಳಿಸ್ಕೊಳ್ಳಿ! ಹಸಿ ಸೇನಾಪತಿ ಕೊಡ್ತಿರೋಳು ನಾನು. ಇವಳು ಬೇಡ ಬೇಡ ಅಂತ ಅಡ್ಡ ಬರ್ತಿದಾಳೆ. ನನ್ನ ಗಂಡ, ನನ್ನಿಷ್ಟ!”

ಯೊಂಗ್‌ಫಾ ಪಕ್ಕಕ್ಕೆ ಸರಿದ. ನನಗೆ ಉರಿದುಹೋಯಿತು. ಕಾಸಿದವಳು ನಾನು, ಏಟೂ ನನಗೆ, ಯಜಮಾನಿಕೆ ಮಾತ್ರ ಅವಳಿಗೆ! ಕೆನ್ನೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.

ಅತ್ತೆ ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹನಿ ಹನಿಯಾಗಿ ಕುಡಿಸಿದಳು. ಅರ್ಧ ಗಲ್ಲದ ಮೇಲೆ ಇಳಿಯಿತು, ಅರ್ಧ ಒಳಗೆ ಹೋಯಿತು. ಬಿಸಿಲು ಗೋಡೆಯ ತುದಿ ಮುಟ್ಟಿತು. ಯೊಂಗ್‌ಫಾ ಅಣ್ಣನ ಕಾಲಿಗೆ ಸಾವಿನ ಕಾಲುಚೀಲ ಹಾಕತೊಡಗಿದ. ಒಂದು ಹಾಕಿದ. ಎರಡನೆಯದಕ್ಕೆ ಕೈ ಹಾಕಿದಾಗ ಮಾವನ ಹೊಟ್ಟೆಯೊಳಗೆ ಬಂಡಿ ಉರುಳಿದ ಹಾಗೆ ಸದ್ದಾಯಿತು. ಮಾವ ನರಳಿದರು. ಆಮೇಲೆ ಬಂದ ನಾತವನ್ನು ಏನೆಂದು ಹೇಳಲಿ! ಯೊಂಗ್‌ಫಾ ಮೂಗು ಮುಚ್ಚಿಕೊಂಡು ಹೊರಗೆ ಓಡಿದ, ಬಾಗಿಲಲ್ಲಿ ಇಣುಕುತ್ತಿದ್ದವರೂ ಓಡಿದರು. ಅತ್ತೆ ಮಾತ್ರ ಅದರ ನಡುವೆಯೇ ಕೂತು ನಗುತ್ತ ಅಳುತ್ತ, “ಹೋಗ್ಲಿ, ಎಲ್ಲಾ ಹೋಗ್ಲಿ, ನನ್ನಪ್ಪಾ,” ಎಂದು ಗಂಡನ ಬೆನ್ನು ಸವರುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಮೈ ಬೆವರಿತು. ಮಾವ ಕಣ್ಣು ಬಿಟ್ಟು ನೀರು ಕೇಳಿದರು.

ನಾನು ಮಾತ್ರ ಅತ್ತೆಯ ಜೊತೆ ಮಾತು ಬಿಟ್ಟೆ. ಅವಳೂ ಮಾತಾಡಿಸಲಿಲ್ಲ.

ಮಾವ ಗೋಡೆಗೊರಗಿ ಕೂರುವಷ್ಟಾದ ದಿನ ಯೊಂಗ್‌ಫಾ ನೆರೆಯವರನ್ನೂ ಕರೆದುಕೊಂಡು ನೋಡಲು ಬಂದ. “ಅಣ್ಣಾ, ಅತ್ತಿಗೆ ಗಟ್ಟಿಗಿತ್ತಿ ಕಣೋ. ಸೊಸೆ ಅಡ್ಡ ಬಂದ್ರೂ ಬಿಡ್ಲಿಲ್ಲ,” ಎಂದ.

ಅತ್ತೆ ಮಾವನಿಗೆ ನವಣೆ ಗಂಜಿ ಕುಡಿಸುತ್ತಿದ್ದಳು. ಬಟ್ಟಲು ಕೆಳಗಿಟ್ಟಳು.

“ನನ್ನ ಗಟ್ಟಿತನಕ್ಕೆ ಬೆಂಕಿ ಬೀಳ್ಲಿ. ನಾನು ಕರೀದು ಕೊಟ್ಟು ಕೊಟ್ಟು ಇವರ್ನ ಸಾಯಿಸ್ತಿದ್ದೆ. ಹಳದೀದು ಕಾಸಿದ್ದು ಇವಳು, ಯಿನ್‌ದೀ. ನನ್ನ ಬೈದು ಕಾಸಿದ್ಳು.”

“ಮತ್ತೆ ಅವತ್ತು ಹೊಡೆದ್ಯಲ್ಲ? ನಾನೇ ಕಾಸಿದ್ದು ಅಂದ್ಯಲ್ಲ?” ಎಂದ ಯೊಂಗ್‌ಫಾ.

“ಸುಳ್ಳು ಹೇಳ್ದೆ. ಇವರು ಹೋಗಿದ್ರೆ ನೀವೆಲ್ಲ ಸೇರಿ ಇವಳ ಕೂದ್ಲು ಕತ್ತರಿಸಿ ಊರು ಬಿಡಿಸ್ತಿದ್ರಿ. ನನ್ನನ್ನ ಎಲ್ಲಿಗೆ ಓಡಿಸ್ತಿದ್ರಿ? ಮಸಣಕ್ಕೆ ತಾನೆ? ಅಲ್ಲಿಗೆ ಹೆಂಗೂ ಹೋಗೋಳು ನಾನು.”

ಯೊಂಗ್‌ಫಾ ಚುಟ್ಟ ಹುಡುಕುವವನ ಹಾಗೆ ಜೇಬು ತಡಕಿದ. ದಡ್ಡಿ ನಾನು, ಆ ಏಟು ಯಾಕೆ ಬಿತ್ತೆಂದು ಅಲ್ಲಿಯವರೆಗೂ ನನಗೆ ಹೊಳೆದಿರಲಿಲ್ಲ. ಅವಳ ಮಂಡಿಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

“ಏ, ಆಚೆ ಹೋಗಿ ಅಳೇ,” ಎಂದಳು ಅತ್ತೆ, ನನ್ನ ತಲೆಯ ಮೇಲಿನ ಕೈ ತೆಗೆಯದೆ. “ಗಂಜಿಗೆ ಉಪ್ಪು ಜಾಸ್ತಿಯಾಗತ್ತೆ.”