ಅತ್ತೆಯ ಮುಖಕ್ಕೆ ನಾಲ್ಕು ಹಾಳೆ

ನಾನೊಬ್ಬ ಜಲವರ್ಣದ ಗುಂಪಿನವಳು ಎಂದು ಹೇಳಿಕೊಳ್ಳುವುದಕ್ಕೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಮಂಡ್ಯದ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಬೋರ್ಡಿನ ಮೇಲೆ ಕಪ್ಪೆಯ ಹೃದಯ ಬಿಟ್ಟು ಬೇರೇನೂ ಬರೆದವಳಲ್ಲ. ಮಳವಳ್ಳಿಯ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ನಮ್ಮಂಥ ಹತ್ತು ಹನ್ನೆರಡು ಜನರನ್ನು ಒಟ್ಟುಹಾಕಿ, ಪ್ರತಿ ಭಾನುವಾರ ಒಂದೊಂದು ಕಡೆ ಕೂರಿಸಿ ಬಣ್ಣ ಕಲಸುವುದನ್ನು ಕಲಿಸುತ್ತಿದ್ದರು. ಒಂದು ವಾರ ಮಂಡ್ಯದ ನಾಲೆ ಏರಿ, ಒಂದು ವಾರ ಮದ್ದೂರಿನ ಹೊಳೆ ದಡ, ಒಂದು ವಾರ ಮಳವಳ್ಳಿಯ ಕೆರೆ. ಬರೆಯುವುದು ಒಂದು ಗಂಟೆ, ಬುತ್ತಿ ಬಿಚ್ಚಿ ತಿನ್ನುವುದು ಎರಡು ಗಂಟೆ. ಸುಳ್ಳೇಕೆ ಹೇಳಲಿ, ನಾನು ಸೇರಿದ್ದು ಆ ಎರಡು ಗಂಟೆಗೇ.

ಅಷ್ಟರಲ್ಲಿ ಲಾಕ್‌ಡೌನ್ ಬಂತು. ಇನ್ನೇನು, ಗುಂಪು ಮುಚ್ಚಿತು ಅಂದುಕೊಂಡೆ. ಮೇಷ್ಟ್ರು ಬಿಡಬೇಕಲ್ಲ! ವಾಟ್ಸಾಪಿನಲ್ಲಿ ಅಪ್ಪಣೆ ಬಂತು. ಮನೆಯಲ್ಲೇ ಬರೆಯಬೇಕು. ಫೋಟೋ ನೋಡಿ ಬರೆಯುವಂತಿಲ್ಲ, ಕಣ್ಣೆದುರಿಗೆ ಇರುವುದನ್ನೇ ಬರೆಯಬೇಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಗುಂಪಿಗೆ ಹಾಕಬೇಕು. ಜೊತೆಗೆ ಒಂದಕ್ಷರವನ್ನೂ ಬರೆಯಕೂಡದು. "ಚಿತ್ರ ಮಾತಾಡಬೇಕು, ನೀವು ಬಾಯಿ ಮುಚ್ಕೊಂಡಿರಬೇಕು" ಎಂದರು. ಅವರ ಶಿಸ್ತು ಅಂಥದ್ದು. ನಲವತ್ತು ದಾಟಿದ ನಾವೆಲ್ಲ ಎಂಟನೇ ಕ್ಲಾಸಿನ ಮಕ್ಕಳ ಹಾಗೆ ತಲೆಯಾಡಿಸಿದೆವು.

ಮೊದಲ ಭಾನುವಾರ ಎಲ್ಲರೂ ಬಿಂದಿಗೆ ಬರೆದಿದ್ದರು. ಎರಡನೇ ಭಾನುವಾರ ಎಲ್ಲರೂ ಕುಕ್ಕರು. ಹನಕೆರೆಯ ಒಬ್ಬ ರೈತರು ಮಾತ್ರ ತಮ್ಮ ಎಮ್ಮೆ ಬರೆದರು. ಅದರ ಮುಂದಿನ ವಾರವೂ ಅದೇ ಎಮ್ಮೆ, ಅದೇ ಎಡಮಗ್ಗುಲು. "ಬದಲಾವಣೆ ಇರಲಿ" ಎಂದು ಮೇಷ್ಟ್ರು ಬರೆದರೆ, ಮಾರನೇ ವಾರ ಎಮ್ಮೆಯನ್ನು ಆಚೆ ಗೂಟಕ್ಕೆ ಕಟ್ಟಿ ಬಲಮಗ್ಗುಲು ಬರೆದು ಹಾಕಿದರು. ಮದ್ದೂರಿನಿಂದ ಅರ್ಚಕರ ಹೆಂಡತಿಯೊಬ್ಬರು ವಾರವಾರವೂ ಪೂಜೆಗೆ ಕೂತ ಗಂಡನ ಬೆನ್ನು ಬರೆದು ಕಳಿಸುತ್ತಿದ್ದರು. ನಮ್ಮ ಮನೆಯಲ್ಲಿ ಅಲ್ಲಾಡದೆ ಕೂರುವುದು ಅದೊಂದೇ ಎಂದು ಆಮೇಲೆ ಫೋನಿನಲ್ಲಿ ನನಗೆ ಹೇಳಿದರು.

ನಾನು ಕುಕ್ಕರು ಮುಗಿಸಿ ಗ್ಯಾಸ್ ಸಿಲಿಂಡರಿಗೆ ಬಂದಿದ್ದಾಗ ನಮ್ಮತ್ತೆ ಕರೆದರು. ಅವರಿಗೆ ಎಂಬತ್ತೆರಡು. ಹುಟ್ಟಿದೂರು ಕಿರುಗಾವಲು. ಇಡೀ ದಿನ ಟೀವಿಯಲ್ಲಿ ಸಾವಿನ ಸುದ್ದಿ ನೋಡಿ ನೋಡಿ ಅವರ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು.

"ಸತ್ರೆ ಮೊಕ ನೋಡಕ್ಕೂ ಬುಡಕಿಲ್ವಂತೆ ಕಣಮ್ಮಿ. ಪಿಲಾಸ್ಟಿಕ್ಕಲ್ಲಿ ಸುತ್ಬುಟ್ಟು ಎತ್ಕೊಂಡೋಯ್ತಾರಂತೆ. ಆಮೇಕೆ ನೋಡ್ಬೇಕು ಅಂತ ಬಂದೋರು ಏನ್ ನೋಡಾರು? ಬರೀ ಗೋಡೆನಾ?"

ನಡುಮನೆಯ ಗೋಡೆಯಲ್ಲಿ ಮಾವನವರ ಫೋಟೋ ಇದೆ, ಗಂಧದ ಹಾರ ಹಾಕಿಕೊಂಡು ಠೀವಿಯಾಗಿ. ಅತ್ತೆಗೆ ಆ ಮಟ್ಟದ ಫೋಟೋ ಇಲ್ಲ. ಇರುವುದೊಂದು ಆಧಾರ್ ಕಾರ್ಡಿನದು. ಅದರಲ್ಲಿ ಅವರು ಕೋಳಿ ಕದ್ದು ಸಿಕ್ಕಿಬಿದ್ದವರ ಹಾಗಿದ್ದಾರೆ, ಇದು ಅವರದೇ ಮಾತು. ಸ್ಟುಡಿಯೋಗಳು ಬಾಗಿಲು ಹಾಕಿದ್ದವು. ಮೊಬೈಲಿನಲ್ಲಿ ತೆಗೆಯುತ್ತೇನೆಂದು ಹದಿನೈದು ಸಲ ಒತ್ತಿದೆ, ಹದಿನೈದರಲ್ಲೂ ಕಣ್ಣು ಮುಚ್ಚಿದ್ದರು.

"ಕಣ್ಣು ಮುಚ್ಚಿರೋದ್ನೇ ಆಕೋದಾದ್ರೆ ಸತ್ಮೇಲೇ ತೆಗಿಯಮ್ಮಿ, ಅವಸ್ರ ಏನು? ಆ ಎಮ್ಮೆ ಬರಿಯೋರ ಸಾವಾಸ ಮಾಡಿದ್ದೀಯಲ್ಲ, ನನ್ನ ಬರಿ" ಎಂದರು.

"ಯಾರತ್ತೆ ಬರ್ತಾರೆ, ನಿಮ್ಮ ಮುಖ ನೋಡೋಕೆ?" ಎಂದೆ.

"ಬರೋರು ಬತ್ತರೆ. ಅದ್ಕಟ್ಕೊಂಡು ನಿಂಗೇನಾಗ್ಬೇಕು? ನೀನ್ ಬರಿ."

ನನ್ನ ಯಜಮಾನರಿಗೆ ಈ ವಿಷಯ ತಿಳಿದು ಕೆಂಡವಾದರು. "ಬದುಕಿರೋರ್ಗೆ ಗೋಡೆ ಚಿತ್ರ ಬರೀತಾರೇನವ್ವ? ಅಪಶಕುನ, ಬುಡು" ಎಂದು ಕೂಗಾಡಿದರು. ಅತ್ತೆ ಎಲೆಯಡಿಕೆ ಕುಟ್ಟುತ್ತಾ, "ಸುಮ್ಕಿರ್ಲಾ. ಸಾಯೋಳು ನಾನು, ನಿಂದೇನ್ಲಾ ಅಲ್ಲಿ?" ಎಂದರು. ಯಜಮಾನರು ಟೀವಿಯ ದನಿ ಜೋರು ಮಾಡಿ ಕೂತರು.

ಒಳ್ಳೆಯ ದಪ್ಪ ಹಾಳೆ ನನ್ನಲ್ಲಿ ಉಳಿದಿದ್ದದ್ದು ನಾಲ್ಕೇ. ಜಲವರ್ಣದಲ್ಲಿ ತಪ್ಪಿದರೆ ತಿದ್ದುವಂತಿಲ್ಲ, ಒರೆಸಿದಷ್ಟೂ ರಾಡಿ. ಅಂಗಡಿ ತೆರೆಯುವ ತನಕ ಬೇರೆ ಹಾಳೆಯೂ ಇಲ್ಲ. ಹೀಗಾಗಿ ಭಯದಿಂದಲೇ ಅತ್ತೆಯನ್ನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಶುರುಮಾಡಿದೆ.

ಮೊದಲನೇ ಹಾಳೆ ಹಲ್ಲಿನಿಂದ ಕೆಟ್ಟಿತು. ಅತ್ತೆಗೆ ಹಲ್ಲಿಲ್ಲ, ಆದರೆ ಚಿತ್ರದಲ್ಲಿ ಬೇಕು. "ಬಾಯ್ ತುಂಬ ಅಲ್ಲು ಬರಿ" ಎಂದು ಹಟ. ಇದ್ದದ್ದನ್ನೇ ಬರೆಯಬೇಕು ಅಂತ ನಮ್ಮ ಮೇಷ್ಟ್ರ ಅಪ್ಪಣೆ ಎಂದೆ. "ನಿಮ್ ಮೇಷ್ಟ್ರ ಗೋಡೆಗಾ ನಾನು ನೇತಾಕೊಳ್ಳೋದು?" ಎಂದರು. ಹೆದರಿ ಹಲ್ಲು ಬರೆದೆ. ಬರೆದದ್ದನ್ನು ನೋಡಿ ಅವರೇ ಬೆಚ್ಚಿಬಿದ್ದರು.

ಎರಡನೆಯದು ಅಚ್ಚುಕಟ್ಟಾಗಿ ಬಂತು, ಆದರೆ ನನ್ನ ಹಾಗೇ ಇತ್ತು. ಹೇಗಾಯಿತೋ ದೇವರಿಗೇ ಗೊತ್ತು. ಮೂಗು ನನ್ನದು, ಗದ್ದ ನನ್ನದು, ಆ ಸಿಡುಕು ಹುಬ್ಬೂ ನನ್ನದೇ. ಅತ್ತೆ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, "ಇದು ನೀನಲ್ವಾ? ನಿನ್ ಮೊಕ ನಿನ್ ಕಾಲಕ್ಕೆ ಮಡಿಕ್ಕೊ" ಎಂದು ವಾಪಸು ಕೊಟ್ಟರು.

ಮೂರನೆಯದರಲ್ಲಿ ಕೂದಲಿನ ಜಗಳ. ಬಿಳಿ ಕೂದಲಿಗೆ ಬಣ್ಣ ಹಾಕುವಂತಿಲ್ಲ, ಹಾಳೆಯ ಬಿಳಿಯನ್ನೇ ಹಾಗೇ ಬಿಡಬೇಕು. ಅತ್ತೆ ಕಣ್ಣು ಕಿರಿದು ಮಾಡಿ, "ಎಲ್ಲದಕ್ಕೂ ಬಣ್ಣ ಬಳ್ದು ನನ್ ತಲೆಗೆ ಬಂದಾಗ ಉಳುಸ್ಕೊಂಡ್ಯಾ?" ಎಂದರು. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿ ಬಾಳಿದ್ದೇವೆ, ನನ್ನ ಬಗ್ಗೆ ಅವರಿಗಿರುವ ಅಭಿಪ್ರಾಯ ಇದು! ಆದರೂ ಆ ಚಿತ್ರದ ಮೇಲೆ ನನಗೆ ಆಸೆಯಿತ್ತು. ಒಣಗಲೆಂದು ಇಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ, ಒಣಗಿತೋ ಇಲ್ಲವೋ ಎಂದು ಅತ್ತೆ ಹೆಬ್ಬೆರಳಲ್ಲಿ ಒತ್ತಿ ನೋಡಿದ್ದರು. ಮೂಗು ಹೋಗಿ ಕೆನ್ನೆಯ ಮೇಲೆ ಕೂತಿತ್ತು.

ಉಳಿದದ್ದು ಒಂದೇ ಹಾಳೆ. ಅತ್ತೆಯೂ ಈ ಸಲ ಹೆದರಿದರು ಎಂದು ಕಾಣುತ್ತದೆ. "ಇದೂ ಕೆಟ್ರೆ ಆ ಕೋಳಿ ಕಳ್ಳಿನೇ ಆಕ್ಬುಡಿ, ಅಷ್ಟೇ ನನ್ ಅಣೆಬರ" ಎಂದು ಸೆರಗು ಸರಿಮಾಡಿಕೊಂಡು ಕೂತರು. ಆದರೆ ಬಾಯಿ ಮಾತ್ರ ನಿಲ್ಲಲೊಲ್ಲದು. ಬಾಯಿ ಅಲ್ಲಾಡಿದರೆ ಮುಖವೆಲ್ಲ ಅಲ್ಲಾಡುತ್ತದೆ. ಏನಾದರೂ ಒಂದು ಕಥೆ ಹೇಳಿ ಮುಗಿಸಿ ಸುಸ್ತಾಗಲಿ ಎಂದು, "ಅತ್ತೆ, ಚಿಕ್ಕತ್ತೆ ಮನೆ ಬೀಗರೂಟದಲ್ಲಿ ಏನಾಯ್ತು, ಹೇಳಿ" ಎಂದೆ.

ಚಿಕ್ಕತ್ತೆ ಎಂದರೆ ಅತ್ತೆಯ ಒಬ್ಬಳೇ ತಂಗಿ, ಕಿರುಗಾವಲಿನಲ್ಲೇ ಇದ್ದಾರೆ. ಇಬ್ಬರೂ ಮಾತು ಬಿಟ್ಟು ಏಳು ವರ್ಷವಾಗಿತ್ತು. ಕಾರಣ, ಚಿಕ್ಕತ್ತೆಯ ಮೊಮ್ಮಗನ ಮದುವೆಯಾದ ಮೇಲೆ ಬೀಗರಿಗೆಂದು ಹಾಕಿದ ಬಾಡೂಟ. ಆ ಊಟದಲ್ಲಿ ನಮ್ಮತ್ತೆಯ ಎಲೆಗೆ ಬಿದ್ದದ್ದು ಸಾರು, ಎರಡು ಮೂಳೆ. ಪಕ್ಕದ ಎಲೆಗೆ ತುಂಡು, ಆಚೆ ಎಲೆಗೆ ತುಂಡು, ಒಡಹುಟ್ಟಿದ ಅಕ್ಕನ ಎಲೆಗೆ ಮೂಳೆ. ನಮ್ಮ ಕಡೆ ಇದನ್ನು ಸಣ್ಣ ವಿಷಯ ಎನ್ನುವವರು ಇದ್ದರೆ ಅವರು ಬಾಡೂಟ ಉಂಡವರಲ್ಲ. ಅತ್ತೆ ಅರ್ಧ ಊಟಕ್ಕೆ ಎದ್ದು ಕೈ ತೊಳೆದು ಕಾರು ಹತ್ತಿದವರು ಮತ್ತೆ ಆ ಮನೆಯ ಹೊಸಿಲು ತುಳಿಯಲಿಲ್ಲ.

ಅಂದೂ ಆ ಕಥೆಯನ್ನು ಮೂಳೆ ಮೂಳೆಯಾಗಿ ಹೇಳಿದರು. ಹೇಳಿ ಮುಗಿಸಿ, ಕಿಟಕಿಯಾಚೆ ಖಾಲಿ ರಸ್ತೆ ನೋಡುತ್ತಾ ಸುಮ್ಮನಾದರು. ಕಾಲು ಗಂಟೆ ತುಟಿ ಪಿಟಕ್ಕೆನ್ನಲಿಲ್ಲ. ಸಿಕ್ಕಿದ್ದೇ ಅವಕಾಶ ಎಂದು ನಾನು ಬಡಬಡ ಬರೆದೆ. ಕೈ ನನ್ನದೇನಾ ಎನ್ನುವ ಹಾಗೆ ಬಂತು. ಅತ್ತೆ ನೋಡಿ, "ಊಂ, ನಾನೇ" ಎಂದರು.

ಮಾರನೇ ದಿನ ಭಾನುವಾರ. ಹತ್ತಕ್ಕೆ ಸರಿಯಾಗಿ, ಮೇಷ್ಟ್ರ ಅಪ್ಪಣೆಯಂತೆ ಒಂದಕ್ಷರ ಬರೆಯದೆ, ಚಿತ್ರವನ್ನು ಗುಂಪಿಗೆ ಹಾಕಿದೆ. ಫೋನನ್ನು ಚಾರ್ಜಿಗೆ ಹಾಕಿ ಉಪ್ಸಾರಿಗೆ ಕಾಳು ಬೇಯಿಸಲು ಹೋದೆ. ಆ ತಿಂಗಳುಗಳಲ್ಲಿ ಫೋನಿಗೆ ಒಂದು ಮುದುಕಿಯ ಮುಖ, ಹಿಂದಿಲ್ಲ ಮುಂದಿಲ್ಲ, ಬಂತು ಎಂದರೆ ಅದಕ್ಕೆ ಒಂದೇ ಅರ್ಥ ಎನ್ನುವುದು ನನ್ನ ವಿಜ್ಞಾನದ ತಲೆಗೆ ಹೊಳೆಯಲೇ ಇಲ್ಲ.

ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಗುಂಪಿನ ತುಂಬ ಕೈಮುಗಿದ ಗೊಂಬೆಗಳು. ನಾಲೆ ಏರಿಗೆ ಬಂದ ವಾರ ನಮ್ಮ ಮನೆಯಲ್ಲಿ ಕಾಫಿ ಕುಡಿದು ಹೋದವರಿಗೆಲ್ಲ ಅತ್ತೆಯ ಮುಖದ ಗುರುತಿತ್ತು. ಮದ್ದೂರಿನ ಅರ್ಚಕರ ಹೆಂಡತಿ ಮೊದಲು "ಓಂ ಶಾಂತಿ" ಹಾಕಿದ್ದರು. ಪಾಪ, ಒಳ್ಳೆ ಫೋಟೋ ಇರಲಿಲ್ಲವೇನೋ, ಬರೆದೇ ಹಾಕಿದ್ದಾರೆ ಎಂದುಕೊಂಡರಂತೆ. ಅವರ ಹಿಂದೆ ಉಳಿದವರೆಲ್ಲ ಕುರಿಮಂದೆ. ಹನಕೆರೆಯವರು "ಅಜ್ಜಿ ಪುಣ್ಯವಂತೆ, ಮುಖದಲ್ಲಿ ಕಳೆ ಹೋಗಿಲ್ಲ" ಎಂದು ಬರೆದಿದ್ದರು. ಮೇಷ್ಟ್ರದು ಎಲ್ಲಕ್ಕಿಂತ ಕೊನೆಗೆ: "ಹೋಲಿಕೆ ಚೆನ್ನಾಗಿ ಬಂದಿದೆ. ಗದ್ದದ ಕೆಳಗೆ ನೆರಳು ಸ್ವಲ್ಪ ಜಾಸ್ತಿಯಾಯಿತು. ಓಂ ಶಾಂತಿ."

ನಾನು ಅಯ್ಯಯ್ಯೋ ಎಂದು ಚೀರಿದೆ. ಅತ್ತೆ ಏನೆಂದು ಕೇಳಿದರು, ಹೇಳಲೇಬೇಕಾಯಿತು. ಬೈಯುತ್ತಾರೆ ಎಂದುಕೊಂಡರೆ, ಕುರ್ಚಿಯಲ್ಲಿ ನೆಟ್ಟಗೆ ಕೂತು, "ಎಲ್ಲಾನೂ ಓದು" ಎಂದರು. ಓದಿದೆ. ಪುಣ್ಯವಂತೆ ಎನ್ನುವುದನ್ನು ಎರಡು ಸಲ ಓದಿಸಿಕೊಂಡರು. "ಎಮ್ಮೆಯೋನು ಒಳ್ಳೆ ಮನ್ಸ ಕಣಮ್ಮಿ" ಎಂದರು.

ಅಷ್ಟು ಹೊತ್ತಿಗೆ ಯಜಮಾನರ ಫೋನು ಬಡಿದುಕೊಳ್ಳಲು ಶುರುವಾಗಿತ್ತು. "ಇಲ್ಲ ಸಾರ್, ಅವ್ವ ಇದ್ದಾರೆ, ಇಲ್ಲೇ ಕಾಫಿ ಕುಡೀತಾವ್ರೆ" ಎಂದು ಅವರು ಹೇಳಿದರೆ, ಆ ಕಡೆಯವರು, "ಧೈರ್ಯ ತಂದ್ಕಳಿ, ಮೊದಲು ಎಲ್ಲರಿಗೂ ಹಂಗೇ ಅನ್ಸುತ್ತೆ" ಎನ್ನುತ್ತಿದ್ದರು. ಒಬ್ಬೊಬ್ಬರಿಗೆ ಸಮಾಧಾನ ಹೇಳುವಾಗಲೂ ಯಜಮಾನರು ನನ್ನನ್ನು ಸುಟ್ಟುಬಿಡುವ ಹಾಗೆ ನೋಡುತ್ತಿದ್ದರು.

ನಾನು ಗುಂಪಿಗೆ "ಅತ್ತೆ ಬದುಕಿದ್ದಾರೆ" ಎಂದು ಬರೆದೆ. ಆದರೆ ಹನಕೆರೆಯವರಿಗೆ ಕಿರುಗಾವಲಿನಲ್ಲಿ ನೆಂಟರಿದ್ದಾರೆ. ನಮ್ಮತ್ತೆ ಆ ಊರಿನವರೆಂದು ನಾನೇ ಒಮ್ಮೆ ಹೇಳಿದ್ದೆ. ಅವರು ಆಗಲೇ ಚಿತ್ರವನ್ನು ಅಲ್ಲಿಗೆ ದಾಟಿಸಿದ್ದರು. ಹನ್ನೊಂದಕ್ಕೆ ಯಜಮಾನರ ಫೋನು ಮತ್ತೆ ಬಡಿಯಿತು. ಬೇಸತ್ತು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಆ ಕಡೆಯಿಂದ ಮಾತಿಲ್ಲ, ಒಂದೇ ಸಮನೆ ಹಾಡಿಕೊಂಡು ಅಳು.

"ಅಯ್ಯೋ ನನ್ನಕ್ಕಾ... ನನ್ನ ಬುಟ್ಬುಟ್ಟು ಓದ್ಯಲ್ಲಕ್ಕಾ... ನನ್ ತಲೆ ಬಾಚಿ ಊವ ಮುಡ್ಸಿದ್ದ ಕೈಯೇ ಓಯ್ತಲ್ಲಕ್ಕಾ..."

ಚಿಕ್ಕತ್ತೆ! ಯಜಮಾನರು ಬಾಯಿ ತೆರೆದರು. ಅತ್ತೆ ಕೈ ಎತ್ತಿ ಸುಮ್ಮನಿರಿಸಿದರು.

"ಆವತ್ತು ನಿನ್ನೆಲೆಗೆ ಮೂಳೆ ಆಕ್ಸಿದ್ದು ನಾನೇ ಕಣಕ್ಕಾ... ನಿನ್ ಮಗ ಕಾರಲ್ ಕರ್ಕಬಂದ ಅಂತ ಒಟ್ಟೆ ಉರ್ದು ಆಕ್ಸ್ಬುಟ್ಟೆ ಕಣಕ್ಕಾ... ಏಳ್ ವರ್ಸ ಬಾಯ್ ಬುಟ್ಟು ಏಳಕ್ಕಾಗ್ನಿಲ್ವಲ್ಲಕ್ಕಾ..."

ಅತ್ತೆ ಫೋನಿನ ಹತ್ತಿರ ಬಗ್ಗಿದರು. "ಗೊತ್ತಿತ್ತು ಕಣೆ. ಬಡ್ಸೋನ್ಗೆ ನೀನ್ ಕಣ್ಸನ್ನೆ ಮಾಡಿದ್ದ ನಾನ್ ನೋಡ್ದೆ."

ಆ ಕಡೆ ಕಿಟಾರನೆ ಕಿರುಚಿದ ಸದ್ದು, ಏನೋ ಬಿದ್ದ ಸದ್ದು, ಆಮೇಲೆ ಫೋನು ಕಟ್ಟಾಯಿತು. ಐದು ನಿಮಿಷಕ್ಕೆ ಅವರ ಮೊಮ್ಮಗಳು ಮಾಡಿದಳು. ಅಜ್ಜಿ ದೆವ್ವ ಅಂತ ಹಿತ್ತಲಿಗೆ ಓಡಿಹೋಗಿ ಕೂತವ್ರೆ ಎಂದಳು. ಹಿಂದಿನಿಂದ ಚಿಕ್ಕತ್ತೆಯ ದನಿ ಕೇಳಿತು: "ದೆವ್ವಕ್ಕೂ ದನಿ ಇರ್ತದೆ. ಮೊಕ ತೋರ್ಸಾಕೇಳು! ಮೊಕ ತೋರ್ಸುದ್ರೆ ನಂಬ್ತೀನಿ."

ಯಜಮಾನರು ವೀಡಿಯೋ ಕರೆ ಮಾಡಿ ಫೋನನ್ನು ಅತ್ತೆಯ ಎದುರು ಹಿಡಿದರು. ಪರದೆಯಲ್ಲಿ ಒಂದು ಮುದುಕಿ. ಏಳು ವರ್ಷದ ಹಿಂದೆ ಅರ್ಧ ಕಪ್ಪಿದ್ದ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅತ್ತೆ ಕಣ್ಣು ಮಿಟುಕಿಸಲೂ ಇಲ್ಲ.

ಕೊನೆಗೆ ಚಿಕ್ಕತ್ತೆಯೇ, "ಬಾಯಲ್ಲಿದ್ದ ಅಲ್ಲೆಲ್ಲ ಎಲ್ಲೋದವಕ್ಕಾ?" ಎಂದರು.

"ನಿಮ್ಮನೆ ಮೂಳೆ ಕಡ್ದು ಉದುರೋದೊ."

ಚಿಕ್ಕತ್ತೆ ನಗಲು ಹೋಗಿ ಅತ್ತರು. ನಮ್ಮತ್ತೆ ಅಳಬಾರದೆಂದು ಬೈದರು, ಬೈಯುತ್ತಲೇ ಅತ್ತರು. ನನಗೂ ತಡೆಯಲಾಗಲಿಲ್ಲ, ಒಳಗೆ ಹೋಗಿ ಒಲೆ ಆರಿಸಿ ನಿಂತೆ. ಉಪ್ಸಾರಿನ ಕಾಳು ಸೀದು ಹೋಗಿತ್ತು. ಅವರ ಮಾತು ಮಧ್ಯಾಹ್ನದವರೆಗೆ ನಡೆಯಿತು. ಬಸ್ಸು ಬಿಟ್ಟ ದಿನವೇ ಬರುತ್ತೇನೆಂದು ಚಿಕ್ಕತ್ತೆ ಆಣೆ ಇಟ್ಟರು. ಬರುವಾಗ ಬಾಡು ತರಬೇಕು, ಮೂಳೆ ಇರಕೂಡದು ಎಂದು ನಮ್ಮತ್ತೆ ಕರಾರು ಹಾಕಿದರು.

ಸಂಜೆ ನಾನು ಚಿತ್ರವನ್ನು ಹಿಡಿದು ಅವರ ಹತ್ತಿರ ಹೋದೆ. ನೆರಳು ಜಾಸ್ತಿಯಾಯಿತು ಎಂದು ಮೇಷ್ಟ್ರು ಅಂದದ್ದು ನನ್ನ ಮನಸ್ಸಿನಲ್ಲಿ ಕುಟುಕುತ್ತಿತ್ತು, ಆದರೂ ಜಂಬವೂ ಇತ್ತು. ಊರೆಲ್ಲ ನಂಬಿದ ಮುಖವಲ್ಲವೇ!

"ಅತ್ತೆ, ಅಂಗಡಿ ತೆಗೆದ ತಕ್ಷಣ ಇದಕ್ಕೆ ಕಟ್ಟು ಹಾಕಿಸ್ತೀನಿ. ಎಂಥ ಕಟ್ಟು ಬೇಕು, ಹೇಳಿ."

ಅವರು ಹಾಸಿಗೆಯ ಮೇಲೆ ಒರಗಿದ್ದರು. ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ.

"ಇನ್ ಯಾಕಮ್ಮಿ ಅದು? ನೋಡ್ಬೇಕಾದೋಳು ನೋಡುದ್ಲಲ್ಲ."