ಸಾಸಿವೆಯ ರಕ್ತ, ನನ್ನ ಪಂಚಾಂಗ

ಪಂಚಾಂಗದಲ್ಲಿ ನನಗೆ ಅಷ್ಟೇನೂ ನಂಬಿಕೆ ಇಲ್ಲ. ಆದರೆ ಈ ವರ್ಷ ನಾನು ಅದನ್ನು ಬಳಸಿಕೊಂಡಷ್ಟು ನಮ್ಮ ಬಸವನಗುಡಿಯ ಯಾವ ಪುರೋಹಿತರೂ ಬಳಸಿರಲಾರರು. ಅದೂ ಒಂದು ಬೆಕ್ಕಿನ ಮರಿಗಾಗಿ!

ಮರಿಯ ಹೆಸರು ಸಾಸಿವೆ. ಗಾಂಧಿ ಬಜಾರಿನ ಹೂವಿನಂಗಡಿಯ ಹಲಗೆಯ ಕೆಳಗೆ ಸಿಕ್ಕಿದ ಎರಡು ತಿಂಗಳ ಕೂಸು. ನಮ್ಮ ಯಜಮಾನರಿಗೆ ಬೆಕ್ಕೆಂದರೆ ಸೀನು. ಹಾಗಾಗಿ ಚಾಮರಾಜಪೇಟೆಯ ಕಮಲಮ್ಮ ಟೀಚರಿಗೆ ಕೊಡುವುದೆಂದು ಮಾತಾಯಿತು. ಅವರ ಮನೆಯ ಮುದಿ ಬೆಕ್ಕು ರಾಜನಿಗೆ ಜೊತೆ ಬೇಕಿತ್ತು.

ಕೊಡುವ ಮುನ್ನ ಪ್ರಾಣಿಗಳ ಡಾಕ್ಟರು ಮರಿಯ ಒಂದು ತೊಟ್ಟು ರಕ್ತ ನೋಡಿದರು. ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ಬೇಡದ ಗೆರೆಯೊಂದು ಮೂಡಿತು. ಎಫ್‌ಐವಿ. ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಮೆಲ್ಲಗೆ ಸವೆಸುವ ವೈರಸ್ಸು. ಮನುಷ್ಯರಿಗೆ ಬರುವುದಿಲ್ಲ, ಬೆಕ್ಕುಗಳು ಆಳವಾಗಿ ಕಚ್ಚಾಡಿದರೆ ಹರಡುತ್ತದೆ. ನನ್ನ ಮುಖ ನೋಡಿ ಡಾಕ್ಟರು, "ಅಳಬೇಡಿ ಮೇಡಂ. ಇದು ತಾಯಿ ಹಾಲಲ್ಲಿ ಬಂದ ಪ್ರತಿಕಾಯನೂ ಇರಬಹುದು. ಆರು ತಿಂಗಳು ತುಂಬ್ಲಿ, ಮತ್ತೆ ನೋಡೋಣ" ಅಂದರು.

ನನಗೆ ರೋಮಾಂಚನವಾಯಿತು! ಆ ಬಿಲ್ಲೆ ಹುಡುಕುವುದು ಶತ್ರುವನ್ನಲ್ಲವಂತೆ, ಶತ್ರುವಿನ ಮೇಲೆ ಎದ್ದ ಸೈನ್ಯವನ್ನು. ಆ ಬೀದಿಯ ತಾಯಿ ಎಲ್ಲೋ ಕಚ್ಚಿಸಿಕೊಂಡು, ತನ್ನ ಸೈನ್ಯವನ್ನೇ ಹಾಲಿನಲ್ಲಿ ಕಳಿಸಿರಬಹುದು, ನಮ್ಮಮ್ಮ ಊರಿಗೆ ಹೊರಟವರಿಗೆಲ್ಲ ಚಟ್ನಿಪುಡಿ ಕಟ್ಟುತ್ತಿದ್ದ ಹಾಗೆ.

ಆದರೆ ಈ ವಿಜ್ಞಾನವನ್ನು ಕಮಲಮ್ಮನವರಿಗೆ ಹೇಳುವ ಧೈರ್ಯ ನನಗೆಲ್ಲಿತ್ತು? ಜಾತಕದ ದೋಷ ಹೇಳಿದರೆ ಕೂಡಿಬಂದ ಸಂಬಂಧ ಉಳಿಯುತ್ತದೆಯೇ? ಫೋನ್ ಮಾಡಿ, "ಆಷಾಢ ಬಂತಲ್ಲ ಟೀಚರ್..." ಎಂದು ರಾಗ ಎಳೆದೆ.

"ಹೌದೌದು, ಆಷಾಢದಲ್ಲಿ ಬೇಡ್ವೇ ಬೇಡ" ಎಂದುಬಿಟ್ಟರು.

ಶ್ರಾವಣದಲ್ಲಿ ಹಬ್ಬದ ಗಲಾಟೆ ಎಂದೆ. ಒಪ್ಪಿದರು. ಪಿತೃಪಕ್ಷಕ್ಕೆ ನಾನು ಬಾಯಿ ತೆರೆಯುವ ಮುನ್ನವೇ ಒಪ್ಪಿದರು. ನವರಾತ್ರಿಯಲ್ಲಿ ಗೊಂಬೆಗಳು ಉರುಳುತ್ತವೆ ಎಂದು ಅವರೇ ಹೇಳಿದರು. ಎಂಥ ಸಂಪ್ರದಾಯಸ್ಥರು ಎಂದುಕೊಂಡೆ. ಯಜಮಾನರು ನಾಲ್ಕು ತಿಂಗಳು ಸೀನಿದರು.

ದೀಪಾವಳಿ ಕಳೆದ ಮೇಲೆ ಮತ್ತೆ ಒಂದು ತೊಟ್ಟು ರಕ್ತ. ಹತ್ತು ನಿಮಿಷ ನಾನು ಉಸಿರಾಡಿದ ನೆನಪಿಲ್ಲ. ಒಂದೇ ಗೆರೆ! ನೆಗೆಟಿವ್! ಬುಟ್ಟಿಯ ಸಮೇತ ಆಟೋ ಹತ್ತಿ ಸೀದಾ ಚಾಮರಾಜಪೇಟೆಗೆ ಹೋಗಿ, ಬಾಗಿಲಲ್ಲೇ ನಿಂತು ಎಲ್ಲವನ್ನೂ ಒದರಿಬಿಟ್ಟೆ.

ಕಮಲಮ್ಮ ಕುರ್ಚಿಯಲ್ಲಿ ಕುಸಿದರು. "ನಮ್ಮ ರಾಜಂಗೆ ಅದೇ ಕಾಯಿಲೆ ಕಣಮ್ಮ, ಎರಡು ವರ್ಷದಿಂದ. ಹೇಳಿದ್ರೆ ನೀವು ಮರಿ ಕೊಡಲ್ಲ. ಹೇಳ್ದೆ ತಗೊಳ್ಳೋಕೆ ಮನಸ್ಸು ಒಪ್ಲಿಲ್ಲ. ನೀವು ಆಷಾಢ ಅಂದಾಗ ದೇವರೇ ಫೋನ್ ಮಾಡಿದ ಹಾಗಾಯ್ತು."

ಬೈಯಲು ನನಗೆ ಯಾವ ಯೋಗ್ಯತೆ? ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆವು. "ರಾಜ ಕಚ್ಚಾಡ್ತಾನಾ?" ಎಂದು ಕೇಳಿದರು.

"ಹಲ್ಲೇ ಇಲ್ಲ ಡಾಕ್ಟ್ರೇ!" ಎಂದರು ಕಮಲಮ್ಮ. "ವಸಡು ಹುಣ್ಣಾಗಿ ಎಲ್ಲಾ ಕೀಳಿಸಿದೀವಿ!"

ಅತ್ತ ಕಡೆ ಡಾಕ್ಟರು ನಕ್ಕಿದ್ದು ನಮಗಿಬ್ಬರಿಗೂ ಕೇಳಿಸಿತು. "ಹಾಗಾದ್ರೆ ಭಯ ತುಂಬಾ ಕಡಿಮೆ. ಬೇರೆ ರೂಮಲ್ಲಿಟ್ಟು ನಿಧಾನವಾಗಿ ಪರಿಚಯ ಮಾಡ್ಸಿ."

ಕಮಲಮ್ಮ ಕಣ್ಣೊರೆಸಿಕೊಂಡು ಬುಟ್ಟಿಗೆ ಕೈ ಚಾಚಿದರು. ಗೋಡೆಯ ಮೇಲೆ ಗಡಿಯಾರ, ಪಕ್ಕದಲ್ಲೇ ಕ್ಯಾಲೆಂಡರು. ಸರಿಯಾಗಿ ರಾಹುಕಾಲ. ಅವರೂ ನೋಡಿದರು, ನಾನೂ ನೋಡಿದೆ. ಇಬ್ಬರೂ ಸೇರಿ ಬುಟ್ಟಿಯ ಮುಚ್ಚಳ ತೆಗೆದೆವು.